ಹಣೆಯ ಮೇಲಿನ ಚಸ್ಮಾ: ಏರ್‌ಸಾಫ್ಟ್ ಆಟದಲ್ಲಿ ಕಣ್ಣು ಉಳಿಸುವ ಲೆಕ್ಕ

ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. ಪರದೆಯ ಮೇಲೆ ಒಂದು ಕಪ್ಪು ಚಸ್ಮಾ. ಬೆಲೆ 249 ರೂಪಾಯಿ. ಹೆಸರಿನ ಜೊತೆಗೇ ದಪ್ಪ ಅಕ್ಷರದಲ್ಲಿ ‘ಬುಲೆಟ್‌ಪ್ರೂಫ್’ ಎಂದು ಬರೆದಿತ್ತು.

“ಮಾಮಾ, ಇದು ಸಾಕಲ್ಲ? ಬುಲೆಟ್‌ಪ್ರೂಫ್ ಐತಿ ಅಂತ ಬರದಾರ.”

ಅವನೂ ಅವನ ಗೆಳೆಯರೂ ಸೇರಿ ಜಾಂಬೋಟಿ ರಸ್ತೆ ಕಡೆಯ ಒಂದು ತೋಟದಲ್ಲಿ ಏರ್‌ಸಾಫ್ಟ್ ಆಡಬೇಕೆಂದು ಹೊಂಚು ಹಾಕಿದ್ದರು. ಒಮ್ಮೆ ಬೇರೆ ಊರಲ್ಲಿ ಆಡಿ ಬಂದಿದ್ದಾರೆ, ರುಚಿ ಹತ್ತಿದೆ. ಬೆಳಗಾವಿ ಹುಡುಗರಿಗೆ ಈ ಆಟ ಹಿಡಿಸಿದರೆ ಆಶ್ಚರ್ಯವೇನಿಲ್ಲ. ಕ್ಯಾಂಪಿನಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. ಬೆಳಗಿನ ಜಾವ ಸಾಲಾಗಿ ಓಡುವ ಜವಾನರನ್ನು ನೋಡುತ್ತಲೇ ಬೆಳೆದ ಮಕ್ಕಳು ಇವರು. ಬಂದೂಕು ಕಂಡರೆ ಕೈ ಸುಮ್ನೆ ಇರುತ್ತದೆಯೇ?

ನಾನು ಬೇಡ ಅನ್ನಲಿಲ್ಲ. ಆದರೆ ಆ ಚಸ್ಮಾದ ಬಗ್ಗೆ ‘ಸಾಕು’ ಅನ್ನುವುದಕ್ಕೂ ಬಾಯಿ ಬರಲಿಲ್ಲ. ಅವನ ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಉದ್ದ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಏರ್‌ಸಾಫ್ಟ್ ಶುರುವಾದದ್ದು 1970ರ ದಶಕದ ಜಪಾನಿನಲ್ಲಿ. ನೋಡಲು ಥೇಟ್ ಅಸಲಿ ಬಂದೂಕಿನಂತಿರುವ ಗನ್ನು. ಒಳಗೆ ಸ್ಪ್ರಿಂಗ್, ಬ್ಯಾಟರಿ ಅಥವಾ ಗ್ಯಾಸ್. ಹೊರಬರುವುದು 6 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗುಂಡು. ಆಟಗಾರರು ಇದನ್ನು ಬಿಬಿ ಅನ್ನುತ್ತಾರೆ. ಎರಡು ತಂಡ. ಗುಂಡು ತಾಗಿದವನು ತಾನೇ ‘ಹಿಟ್’ ಎಂದು ಕೂಗಿ, ಕೈ ಎತ್ತಿ ಹೊರಗೆ ನಡೆಯಬೇಕು. ಅಂಗಿಯ ಮೇಲೆ ಬಿದ್ದರೆ ಚುರುಕ್ ಅನ್ನುತ್ತದೆ. ಬರಿ ಚರ್ಮಕ್ಕೆ ಬಿದ್ದರೆ ಕೆಂಪು ಗುರುತು ಮೂಡಿ ಎರಡು ದಿನಕ್ಕೆ ಮಾಯವಾಗುತ್ತದೆ. ಹಲ್ಲಿಗೆ ಬಿದ್ದರೆ ಹಲ್ಲು ಮುರಿಯಬಹುದು, ಅದಕ್ಕೂ ಡಾಕ್ಟರ ಹತ್ತಿರ ಉಪಾಯ ಇದೆ. ಕಣ್ಣಿನ ಮಾತೇ ಬೇರೆ.

ಒಂದು ಉಳ್ಳಾಗಡ್ಡಿಯ ಪೆಟ್ಟು

ಗುಂಡಿನ ತೂಕ 0.20 ಗ್ರಾಂ ಅಂದುಕೊಳ್ಳಿ. ವೇಗ ಸೆಕೆಂಡಿಗೆ 100 ಮೀಟರ್. ಶಾಲೆಯಲ್ಲಿ ಕಲಿತ ಸೂತ್ರ ಹಾಕಿದರೆ ಶಕ್ತಿ ಸರಿಯಾಗಿ 1 ಜೂಲ್ ಬರುತ್ತದೆ. ಮೈದಾನಗಳಲ್ಲಿ ಜಾಸ್ತಿ ಕೇಳಿಬರುವ ಮಿತಿ ಇದಕ್ಕಿಂತ ತುಸು ಮೇಲಿದೆ: 0.20 ಗ್ರಾಂ ಗುಂಡಿಗೆ ಸೆಕೆಂಡಿಗೆ 350 ಅಡಿ, ಅಂದರೆ ಸುಮಾರು 107 ಮೀಟರ್. ಅದು 1.14 ಜೂಲ್ ಆಗುತ್ತದೆ. ಜಪಾನಿನ ಕಾನೂನು 1 ಜೂಲ್‌ಗಿಂತ ಒಂದು ಕೂದಲೆಳೆ ಕೆಳಗೇ ನಿಲ್ಲಿಸುತ್ತದೆ. ಬ್ರಿಟನ್ನಿನಲ್ಲಿ 2017ರ ಕಾಯ್ದೆ ಒಂದೇ ಸಮ ಸುರಿಯುವ ಗನ್ನಿಗೆ 1.3 ಜೂಲ್, ಒಂದೊಂದೇ ಗುಂಡು ಹಾರಿಸುವ ಗನ್ನಿಗೆ 2.5 ಜೂಲ್ ಎಂದು ಗೆರೆ ಎಳೆದಿದೆ.

1 ಜೂಲ್ ಅಂದರೆ ಎಷ್ಟು? 100 ಗ್ರಾಂ ತೂಗುವ ಒಂದು ಉಳ್ಳಾಗಡ್ಡಿ ಸೊಂಟದೆತ್ತರದ ಕಟ್ಟೆಯಿಂದ ಕೆಳಗೆ ಬಿದ್ದರೆ ನೆಲಕ್ಕೆ ಹೆಚ್ಚುಕಡಿಮೆ ಅಷ್ಟೇ ಪೆಟ್ಟು. ಕಾಲ ಮೇಲೆ ಬಿದ್ದರೆ ಯಾರೂ ಅಳುವುದಿಲ್ಲ. ‘ಇಷ್ಟೇನಾ’ ಎಂದು ಹುಡುಗರು ನಗುವುದು ಇದಕ್ಕೇ. ಆದರೆ ಆ ಉಳ್ಳಾಗಡ್ಡಿಯ ಪೂರ್ತಿ ಪೆಟ್ಟು ಒಂದು ಕೊತ್ತಂಬರಿ ಕಾಳಿನಷ್ಟು ಜಾಗಕ್ಕೆ ಬಿದ್ದರೆ? ಆ ಜಾಗ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರವಾಗಿದ್ದರೆ? ಅದರ ದಪ್ಪ ನಡುವೆ ಬರೀ ಅರ್ಧ ಮಿಲಿಮೀಟರ್.

ಕಣ್ಣಿಗೆ ದೇವರು ಎಲುಬಿನ ಗೂಡು ಕೊಟ್ಟಿದ್ದಾನೆ ನಿಜ. ಕ್ರಿಕೆಟ್ ಚೆಂಡು ಮುಖಕ್ಕೆ ಬಡಿದರೆ ಹುಬ್ಬಿನ ಎಲುಬು, ಕೆನ್ನೆಯ ಎಲುಬು ಮೊದಲು ತಡೆಯುತ್ತವೆ. ಚೆಂಡು ಆ ಗೂಡಿಗಿಂತ ದೊಡ್ಡದು. 6 ಮಿಲಿಮೀಟರ್ ಗುಂಡಿಗೆ ಆ ಗೂಡು ತೆರೆದ ಬಾಗಿಲು. ಎಲುಬನ್ನು ಮುಟ್ಟದೆ ನೇರ ಒಳಗೆ ಹೋಗುತ್ತದೆ.

ರೆಪ್ಪೆ ಮುಚ್ಚಿಕೊಳ್ಳುವುದಿಲ್ಲವೇ ಅಂತ ಕೇಳಬಹುದು. ಬೆದರಿದ ಕಣ್ಣು ಮುಚ್ಚಲು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ಅಷ್ಟರಲ್ಲಿ ಆ ಗುಂಡು ಹತ್ತಿರಹತ್ತಿರ 10 ಮೀಟರ್ ಬಂದಿರುತ್ತದೆ. ತೋಟದ ಗಿಡಗಳ ನಡುವೆ ಆಡುವಾಗ ಎದುರಾಳಿ ಇರುವುದೇ ಅಷ್ಟು ದೂರದಲ್ಲಿ. ಕಣ್ಣು ಮಿಟುಕಿಸುವುದರೊಳಗೆ ಅನ್ನುವ ಮಾತು ಇಲ್ಲಿ ಲೆಕ್ಕಕ್ಕೆ ಲೆಕ್ಕ ಸರಿಹೋಗುತ್ತದೆ. ಒಂದು ವೇಳೆ ರೆಪ್ಪೆ ಮುಚ್ಚಿತು ಅಂದುಕೊಂಡರೂ ಆ ತೆಳು ಚರ್ಮ ಇಂಥ ಪೆಟ್ಟನ್ನು ತಡೆಯುವಂಥದ್ದಲ್ಲ.

ಗುಂಡು ಬಡಿದಾಗ ಕಣ್ಣಗುಡ್ಡೆ ಮುಂದಿನಿಂದ ಒಳಕ್ಕೆ ಅಮುಕಿ, ಅಕ್ಕಪಕ್ಕಕ್ಕೆ ಉಬ್ಬುತ್ತದೆ. ಗಾಳಿ ತುಂಬಿದ ಬಲೂನನ್ನು ಬೆರಳಿನಿಂದ ಒತ್ತಿದಂತೆ. ಒಳಗಿನ ಸೂಕ್ಷ್ಮ ಭಾಗಗಳು ಆ ಎಳೆತಕ್ಕೆ ಹರಿಯುತ್ತವೆ. ಕಣ್ಣಿನ ಮುಂದಿನ ಕೋಣೆಯಲ್ಲಿ ರಕ್ತ ತುಂಬಬಹುದು. ಡಾಕ್ಟರರು ಇದಕ್ಕೆ ಹೈಫೀಮಾ ಅನ್ನುತ್ತಾರೆ. ಲೆನ್ಸ್ ಜಾಗ ಬಿಟ್ಟು ಸರಿಯಬಹುದು, ಇಪ್ಪತ್ತರ ಹುಡುಗನಿಗೆ ಅರವತ್ತರವರ ಪೊರೆ ಬರಬಹುದು, ಹಿಂದಿನ ರೆಟಿನಾ ಹರಿಯಬಹುದು. ಇಂಥ ಗನ್ನುಗಳಿಂದಾದ ಕಣ್ಣಿನ ಗಾಯಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ 1990ರ ದಶಕದಿಂದಲೂ ವರದಿಗಳಿವೆ. ಗಾಯಗೊಂಡವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹರೆಯದವರು. ಚಸ್ಮಾ ಹಾಕಿರಲಿಲ್ಲ ಅನ್ನುವುದು ಆ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಮಾತು.

ಚಸ್ಮಾದ ಮೇಲಿನ ಅಕ್ಷರ

ಮೊದಲೇ ಒಂದು ಗೊಂದಲ ತೆಗೆದುಹಾಕಬೇಕು. ನಮ್ಮ ಕಡೆ ಗಾಗಲ್ ಅಂದರೆ ಕರಿ ಚಸ್ಮಾ. ಮದುವೆ ಮೆರವಣಿಗೆಯಲ್ಲಿ ಹಾಕುವುದು. ಸುರಕ್ಷತೆಯ ಭಾಷೆಯಲ್ಲಿ ಗಾಗಲ್ ಅಂದರೆ ಮುಖಕ್ಕೆ ಅಂಟಿಕೊಂಡು, ಸುತ್ತಲೂ ಸಂದಿಯಿಲ್ಲದೆ ಮುಚ್ಚಿ, ತಲೆಯ ಹಿಂದೆ ಪಟ್ಟಿಯಿಂದ ಬಿಗಿಯುವಂಥದ್ದು. ಕಿವಿಗೆ ಸಿಗಿಸುವ ಕಡ್ಡಿ ಇರುವುದೆಲ್ಲ ಬರೀ ಚಸ್ಮಾ. ಅಂಗಡಿಯಲ್ಲಿ ‘ಸೇಫ್ಟಿ ಗಾಗಲ್ ಕೊಡ್ರಿ’ ಅಂದರೆ ಕೈಗೆ ಬರುವುದು ಬಹಳ ಸಲ ಈ ಕಡ್ಡಿಯ ಚಸ್ಮಾವೇ. ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನುವುದು ಈಗ ನೋಡೋಣ.

ಅಮೆರಿಕದ ಮಾನದಂಡವೊಂದಿದೆ, ಹೆಸರು ಜೆಡ್87.1. ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ಚಸ್ಮಾಗಳ ಮೇಲೆ ಜೆಡ್87 ಎಂದು ಕೊರೆದಿರುತ್ತದೆ. ಇದರ ಮುಂದೆ ಪ್ಲಸ್ ಗುರುತು ಇದೆಯೇ ಇಲ್ಲವೇ ನೋಡಬೇಕು. ಪ್ಲಸ್ ಇಲ್ಲದಿದ್ದರೆ ಅದರ ಮೇಲೆ ಒಂದು ಇಂಚಿನ ಉಕ್ಕಿನ ಗುಂಡನ್ನು 127 ಸೆಂಟಿಮೀಟರ್ ಎತ್ತರದಿಂದ ಕೆಡವಿ ನೋಡಿದ್ದಾರೆ ಅಷ್ಟೇ. ಹಾರಿ ಬರುವ ಗುಂಡಿನ ಪರೀಕ್ಷೆ ಅದಲ್ಲ. ಪ್ಲಸ್ ಇದ್ದರೆ ಕಾಲು ಇಂಚಿನ ಉಕ್ಕಿನ ಗುಂಡನ್ನು ಹಾರಿಸಿ ನೋಡಿರುತ್ತಾರೆ.

ಇಲ್ಲೊಂದು ಸಂಗತಿ ಇದೆ, ತುಂಬ ಜನ ಇದನ್ನು ಗಮನಿಸುವುದಿಲ್ಲ. ಕಡ್ಡಿಯ ಚಸ್ಮಾಗೂ ಪಟ್ಟಿಯ ಗಾಗಲ್‌ಗೂ ಒಂದೇ ಪ್ಲಸ್ ಗುರುತು. ಪರೀಕ್ಷೆಯ ವೇಗ ಮಾತ್ರ ಬೇರೆ. ಚಸ್ಮಾಕ್ಕೆ ಸೆಕೆಂಡಿಗೆ 150 ಅಡಿ, ಗಾಗಲ್‌ಗೆ 250 ಅಡಿ. ಆ ಉಕ್ಕಿನ ಗುಂಡಿನ ತೂಕ 1 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಚಸ್ಮಾ ತಡೆದು ತೋರಿಸಬೇಕಾದದ್ದು ಸುಮಾರು 1.1 ಜೂಲ್, ಗಾಗಲ್ ತಡೆಯಬೇಕಾದದ್ದು ಸುಮಾರು 3 ಜೂಲ್. ಮೇಲೆ ಹೇಳಿದ 350 ಅಡಿಯ ಗನ್ನಿನ ಲೆಕ್ಕ ನೆನಪಿದೆಯಲ್ಲ, 1.14 ಜೂಲ್. ಅಂದರೆ ಪ್ಲಸ್ ಗುರುತಿನ ಕಡ್ಡಿಯ ಚಸ್ಮಾ ಅಂಚಿನಲ್ಲಿ ನಿಂತಿದೆ. ಒಳ್ಳೆಯ ಕಂಪನಿಯ ಮಾಲು ಪರೀಕ್ಷೆಗಿಂತ ಗಟ್ಟಿಯಾಗಿಯೇ ಇರುತ್ತದೆ ಅನ್ನುವುದು ಖರೆ. ಆದರೆ ಆ ಗುರುತು ಕೊಡುವ ಭರವಸೆ ಅಷ್ಟಕ್ಕೇ.

ಯುರೋಪಿನ ಮಾನದಂಡ ಇಎನ್ 166 ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ. ಅಲ್ಲಿನ ಪರೀಕ್ಷೆಯ ಗುಂಡೂ 6 ಮಿಲಿಮೀಟರ್ ದಪ್ಪದ್ದೇ, ಆದರೆ ಉಕ್ಕಿನದು, 0.86 ಗ್ರಾಂ. ದಪ್ಪ ಒಂದೇ ಆದ್ದರಿಂದ ನಮ್ಮ ಬಿಬಿಯ ಜೊತೆ ಹೋಲಿಸಲು ಹೇಳಿ ಮಾಡಿಸಿದಂತಿದೆ. ಎಫ್ ಅಕ್ಷರ ಇದ್ದರೆ ಸೆಕೆಂಡಿಗೆ 45 ಮೀಟರ್, ಅಂದರೆ 0.87 ಜೂಲ್. ಬಿ ಅಕ್ಷರ ಇದ್ದರೆ 120 ಮೀಟರ್, 6.2 ಜೂಲ್. ಎ ಅಕ್ಷರಕ್ಕೆ 190 ಮೀಟರ್, ಅದು ಮುಖ ಪೂರ್ತಿ ಮುಚ್ಚುವ ಶೀಲ್ಡ್‌ಗಳಿಗೆ. ಕಡ್ಡಿಯ ಚಸ್ಮಾಕ್ಕೆ ಎಫ್‌ಗಿಂತ ಮೇಲಿನ ಅಕ್ಷರ ಸಿಗುವುದೇ ಇಲ್ಲ. ಈಗ ಲೆಕ್ಕ ನೀವೇ ಮಾಡಿ. ಗನ್ನು 1.14, ಚಸ್ಮಾದ ಖಾತರಿ 0.87. ದೂರದಿಂದ ಹೊಡೆಯುವ 2.5 ಜೂಲ್‌ನ ಗನ್ನಿದ್ದರಂತೂ ಕೇಳುವುದೇ ಬೇಡ. ಬಿ ಅಕ್ಷರದ ಗಾಗಲ್ ಹಾಕಿದರೆ ಎರಡೂ ಕಡೆ ನೆಮ್ಮದಿ.

ಇದೇ ಮಾನದಂಡದಲ್ಲಿ ಇನ್ನೂ ಎರಡು ಅಕ್ಷರ ಹುಡುಕಿ. ಎನ್ ಇದ್ದರೆ ಮಂಜು ಹಿಡಿಯದಂತೆ, ಕೆ ಇದ್ದರೆ ಬೇಗ ಗೀರು ಬೀಳದಂತೆ ಲೇಪ ಕೊಟ್ಟಿದ್ದಾರೆ ಎಂದು ಅರ್ಥ. ಬಿ ಜೊತೆಗೆ ಟಿ ಸೇರಿದ್ದರೆ ವಿಪರೀತ ಚಳಿ, ಬಿಸಿಯಲ್ಲೂ ಪರೀಕ್ಷೆ ಮಾಡಿದ್ದಾರೆ. ಬಿಸಿಯ ಕಡೆ 55 ಡಿಗ್ರಿ. ವಿಜಯಪುರ, ಬಾಗಲಕೋಟೆಯವರು ಏಪ್ರಿಲ್‌ನಲ್ಲಿ ಗಾಗಲ್ ಅನ್ನು ಕಾರಿನೊಳಗೆ ಬಿಟ್ಟರೆ ಆ 55 ದಾಟುವುದು ದೊಡ್ಡ ಮಾತಲ್ಲ. ಗಾಜಿನ ಮೇಲಿನ ಅಕ್ಷರ, ಚೌಕಟ್ಟಿನ ಮೇಲಿನ ಅಕ್ಷರ ಬೇರೆ ಬೇರೆ ಇದ್ದರೆ ಕೆಳಗಿನದನ್ನೇ ಹಿಡಿಯಬೇಕು. ಈಗ ಇಎನ್ 166ರ ಜಾಗಕ್ಕೆ ಐಎಸ್‌ಒ 16321 ಎಂಬ ಹೊಸ ಮಾನದಂಡ ಬಂದಿದೆ. ಆದರೂ ಮಾರುಕಟ್ಟೆಯ ಮಾಲಿನ ಮೇಲೆ ಹಳೆಯ ಅಕ್ಷರಗಳು ಇನ್ನೂ ಕೆಲಕಾಲ ಕಾಣುತ್ತವೆ. ಏರ್‌ಸಾಫ್ಟ್‌ಗೆಂದೇ ಅಮೆರಿಕದಲ್ಲಿ ಎಎಸ್‌ಟಿಎಂ ಎಫ್2879 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಅದು ಬರೆದಿದ್ದರೆ ಇನ್ನೂ ಒಳ್ಳೆಯದು. ನಮ್ಮ ದೇಶದ ಐಎಸ್ 5983 ಕಾರ್ಖಾನೆಯ ಕೆಲಸಕ್ಕೆಂದು ಬರೆದದ್ದು.

ಇಷ್ಟೆಲ್ಲ ಹೇಳಿದ ಮೇಲೆ ‘ಬುಲೆಟ್‌ಪ್ರೂಫ್’? ಅದು ಯಾವ ಮಾನದಂಡದ ಅಕ್ಷರವೂ ಅಲ್ಲ. ಮಾರುವವನ ಬಾಯಿಮಾತು. ಅಕ್ಕನ ಮಗನ ಮೊಬೈಲಿನಲ್ಲಿ ಚಿತ್ರವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಒಂದೇ ಒಂದು ಅಕ್ಷರ ಸಿಗಲಿಲ್ಲ.

ಗಾಜು ಗಾಜು ಅನ್ನುತ್ತಿದ್ದೇನೆ, ಅಸಲಿಗೆ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಪೆಟ್ಟಿಗೆ ಚೂರಾಗದೆ ಬಾಗಿ ಶಕ್ತಿಯನ್ನು ನುಂಗುವುದು ಇದರ ಗುಣ. ಮೆತ್ತಗಿರುವುದರಿಂದ ಗೀರು ಬೇಗ ಬೀಳುತ್ತದೆ. ಅದಕ್ಕಿಂತ ದೊಡ್ಡ ಶತ್ರು ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ಅಸಿಟೋನ್. ಇವುಗಳಿಂದ ಒರೆಸಿದರೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಎದ್ದು, ಮುಂದಿನ ಪೆಟ್ಟಿಗೆ ಒಡೆಯಬಹುದು. ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಒಮ್ಮೆ ಹತ್ತಿರದಿಂದ ಜೋರು ಪೆಟ್ಟು ತಿಂದ ಗಾಜನ್ನು ಬದಲಾಯಿಸುವುದೇ ಸರಿ. ಕೆಲವರು ಆಟಕ್ಕೆ ಮುಂಚೆ ತಮ್ಮ ಗಾಗಲ್ ಅನ್ನೇ ಗಿಡಕ್ಕೆ ಕಟ್ಟಿ, ತಮ್ಮ ಗನ್ನಿನಿಂದಲೇ ಹೊಡೆದು ನೋಡುತ್ತಾರೆ. ಉಪಾಯ ಕೆಟ್ಟದ್ದಲ್ಲ. ಹಾಗೆ ಹೊಡೆದದ್ದನ್ನೇ ಮತ್ತೆ ಮುಖಕ್ಕೆ ಹಾಕಿಕೊಳ್ಳುವುದು ಮಾತ್ರ ತಿಳಿಗೇಡಿತನ.

ಇನ್ನು ದೃಷ್ಟಿಯ ಚಸ್ಮಾ ಹಾಕುವವರು. ನಂಬರಿನ ಚಸ್ಮಾ ಪೆಟ್ಟು ತಡೆಯಲೆಂದು ಮಾಡಿದ್ದಲ್ಲ. ಒಡೆದರೆ ಅದರ ಚೂರೇ ಕಣ್ಣಿಗೆ ಎರಡನೇ ಗುಂಡು. ಅದರ ಮೇಲೆ ಹಾಕುವಷ್ಟು ದೊಡ್ಡ ಗಾಗಲ್ ಸಿಗುತ್ತದೆ, ಒಳಗೆ ನಂಬರಿನ ಗಾಜು ಕೂರಿಸುವಂಥದ್ದೂ ಸಿಗುತ್ತದೆ.

ಗನ್ನಿನ ಕಡೆಯಿಂದಲೂ ಒಂದು ಮೋಸ ಇದೆ. ಮೈದಾನದಲ್ಲಿ ವೇಗ ಅಳೆಯುವಾಗ 0.20 ಗ್ರಾಂ ಗುಂಡು ಹಾಕುತ್ತಾರೆ, ಆಡುವಾಗ 0.32 ಗ್ರಾಂ ಗುಂಡು. ಗ್ಯಾಸಿನ ಗನ್ನುಗಳಲ್ಲಿ ಭಾರದ ಗುಂಡು ನಳಿಗೆಯೊಳಗೆ ತುಸು ಹೊತ್ತು ಜಾಸ್ತಿ ಇರುತ್ತದೆ, ಗ್ಯಾಸಿನ ತಳ್ಳಾಟ ಜಾಸ್ತಿ ಸಿಗುತ್ತದೆ, ಜೂಲ್ ಏರುತ್ತದೆ. ಮೀಟರಿನ ಮೇಲೆ ಸಾಧು, ಮೈದಾನದಲ್ಲಿ ಗೂಳಿ. ಯಾವ ಗುಂಡಿನಿಂದ ಆಡುತ್ತಾರೋ ಅದರಿಂದಲೇ ಅಳೆಯಬೇಕು, ಅಡಿಗಳಲ್ಲಿ ಅಲ್ಲ, ಜೂಲ್‌ನಲ್ಲಿ.

ಮಂಜು

ಇಲ್ಲಿಯವರೆಗೆ ಹೇಳಿದ್ದೆಲ್ಲ ದುಡ್ಡು ಕೊಟ್ಟರೆ ಬಗೆಹರಿಯುವ ಮಾತು. ದುಡ್ಡು ಕೊಟ್ಟರೂ ಬಗೆಹರಿಯದ್ದು ಬೇರೆ ಇದೆ.

ನಮ್ಮ ಕಾಕಾ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಫೆಟ್ಲಿಂಗ್ ಕೆಲಸ ಮಾಡಿದವರು. ಎರಕದ ಮಾಲಿನ ಅಂಚನ್ನು ಗ್ರೈಂಡರ್ ಹಿಡಿದು ಉಜ್ಜುವ ಕೆಲಸ. ಕಿಡಿಯ ಮಳೆಯಲ್ಲೇ ಇಪ್ಪತ್ತು ವರ್ಷ ನಿಂತವರು. ಅವರ ಜೊತೆಗಿದ್ದ ಒಬ್ಬರ ಕಣ್ಣಿಗೆ ಕಬ್ಬಿಣದ ಚೂರು ಬಿದ್ದದ್ದು ಗ್ರೈಂಡರ್ ಹಿಡಿದಾಗ ಅಲ್ಲವಂತೆ. ಬೆವರು ಒರೆಸಿಕೊಳ್ಳಲು ಚಸ್ಮಾ ಮೇಲೆತ್ತಿದ್ದಾಗ, ಪಕ್ಕದ ಮೇಜಿನಿಂದ ಹಾರಿ ಬಂತಂತೆ. ಕಾಕಾ ಇದನ್ನು ಹೇಳುವಾಗಲೆಲ್ಲ ಒಂದು ಮಾತು ಸೇರಿಸುತ್ತಿದ್ದರು: “ಚಸ್ಮಾ ಹಣಿ ಮ್ಯಾಲ ಇದ್ರ ಹಣಿ ಉಳೀತೈತಿ ತಮ್ಮಾ, ಕಣ್ಣಲ್ಲ.”

ಏರ್‌ಸಾಫ್ಟ್ ಆಟದ ಅಪಾಯವೂ ಇದೇ ಅಂತ ನನ್ನ ಅನಿಸಿಕೆ. ಒಳ್ಳೆಯ ಗಾಗಲ್ ತೂರಿಕೊಂಡು ಬಿಬಿ ಕಣ್ಣಿಗೆ ಹೊಕ್ಕಿತು ಅನ್ನುವುದು ಅಪರೂಪ. ಗಾಗಲ್ ಕಣ್ಣಿನ ಮೇಲೆ ಇರಲಿಲ್ಲ ಅನ್ನುವುದು ಮಾಮೂಲು. ಯಾಕೆ ತೆಗೆಯುತ್ತಾರೆ? ಹತ್ತರಲ್ಲಿ ಎಂಟು ಸಲ ಒಂದೇ ಕಾರಣ ಕೇಳುತ್ತೀರಿ, ಮಂಜಾಯಿತು. ಉಳಿದದ್ದು ಬೆವರು, ಫೋಟೊ, ಫೋನು.

ಮಂಜು ಹೇಗೆ ಕೂರುತ್ತದೆ ನೋಡಿ. ಓಡಿ ಬಂದ ಮುಖದಿಂದ ಬಿಸಿ, ಬೆವರಿನ ಆವಿ ಏಳುತ್ತದೆ. ಹೊರಗಿನ ತಂಪಿಗೆ ಗಾಜು ತಣ್ಣಗಾಗಿರುತ್ತದೆ. ಆವಿ ಹೋಗಿ ಗಾಜಿನ ಒಳಮೈಗೆ ಹನಿಯಾಗಿ ಅಂಟುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದ ಊರು, ಸಹ್ಯಾದ್ರಿಯ ಸೆರಗಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ, ತಂಪು ಗಾಳಿ, ಒಗೆದ ಬಟ್ಟೆ ಮೂರು ದಿನ ಒಣಗದ ತೇವ. ಜಾಂಬೋಟಿ, ಖಾನಾಪುರದ ಕಡೆ ಹೋದಷ್ಟೂ ಇದು ಜಾಸ್ತಿ. ಮಂಜು ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ವಿಜಯಪುರದ ಒಣ ಬಿಸಿಲಲ್ಲಿ ಚೆನ್ನಾಗಿ ಕೆಲಸ ಮಾಡಿದ ಗಾಗಲ್ ಇಲ್ಲಿ ಐದು ನಿಮಿಷಕ್ಕೆ ಕುರುಡಾಗುತ್ತದೆ.

ಹಾಗಾಗಿ ಈ ಊರಲ್ಲಿ ಗಾಗಲ್ ಕೊಳ್ಳುವವರು ಗಟ್ಟಿತನಕ್ಕೆ ಕೊಡುವಷ್ಟೇ ತೂಕ ಮಂಜಿಗೂ ಕೊಡಬೇಕು. ಎರಡು ಪದರದ ಗಾಜು ಸಿಗುತ್ತದೆ. ನಡುವೆ ಗಾಳಿ ಇರುವುದರಿಂದ ಒಳಪದರ ತಣ್ಣಗಾಗುವುದಿಲ್ಲ, ಆವಿ ಅಂಟುವುದಿಲ್ಲ. ಪುಟ್ಟ ಫ್ಯಾನ್ ಇರುವವೂ ಇವೆ. ಮುಖದ ಕೆಳಭಾಗಕ್ಕೆ ಕಟ್ಟಿದ ಬಟ್ಟೆ ಉಸಿರನ್ನು ಮೇಲೆ ಗಾಗಲ್ ಕಡೆಗೆ ತಳ್ಳದಂತೆ ನೋಡಿಕೊಳ್ಳಬೇಕು. ಮಾಸ್ಕ್ ಹಾಕಿ ಚಸ್ಮಾ ಹಾಕಿದ ಕೊರೊನಾ ಕಾಲದ ಅನುಭವ ಎಲ್ಲರಿಗೂ ಇದೆ, ಅಲ್ವಾ? ಮಂಜು ತಡೆಯುವ ದ್ರವ ಹಚ್ಚಬಹುದು. ಗಾಳಿಯ ತೂತುಗಳನ್ನು ದೊಡ್ಡದು ಮಾಡಲು ಹೋಗಬೇಡಿ. 6 ಮಿಲಿಮೀಟರ್ ದಾಟಿದ ತೂತು ಗುಂಡಿಗೂ ದಾರಿ.

ಮಂಜೇ ಬೇಡ ಎಂದು ಉಕ್ಕಿನ ಜಾಲರಿಯ ಗಾಗಲ್ ಹಾಕುವವರಿದ್ದಾರೆ. ಜಾಲರಿಗೆ ಮಂಜು ಕೂರುವುದಿಲ್ಲ, ಇಡೀ ಬಿಬಿಯನ್ನು ಅದು ತಡೆಯುತ್ತದೆ. ಆದರೆ ಅಗ್ಗದ ಗುಂಡು ಜಾಲರಿಗೆ ಬಡಿದು ಪುಡಿಯಾದರೆ ಆ ಪುಡಿ ಒಳಗೆ ಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ನೀರಿನಲ್ಲಿ ನೆನೆಸಿದ ಜೆಲ್ ಗುಂಡಿನ ಗನ್ನು ಆಡುವವರಂತೂ ಜಾಲರಿ ಹಾಕಲೇಬಾರದು. ಜೆಲ್ ಒಡೆದು ಸೀದಾ ಕಣ್ಣಿಗೇ ಬರುತ್ತದೆ.

ಆಟದ ನಿಯಮವೂ ಮಂಜನ್ನು ಲೆಕ್ಕಕ್ಕೆ ಹಿಡಿಯಬೇಕು. ಒಬ್ಬನಿಗೆ ಏನೂ ಕಾಣದಂತಾದರೆ ಅವನು ಏನು ಮಾಡಬೇಕು? ‘ಗಾಗಲ್ ತೆಗೆಯಬೇಡ’ ಎಂದು ಬೋರ್ಡ್ ಬರೆದರೆ ಸಾಲದು. ಕಾಣದವನು ಕೈಯೆತ್ತಿ, ಹಾಕಿಕೊಂಡೇ ಗೆರೆಯಾಚೆ ಬಂದು, ಅಲ್ಲಿ ತೆಗೆದು ಒರೆಸಿಕೊಂಡು ಮರಳುವುದಕ್ಕೆ ಅವಕಾಶ ಇರಬೇಕು, ಅದಕ್ಕೆ ಅವನ ತಂಡ ಸೋಲಬಾರದು. ಆ ಗೆರೆಯಾಚೆಗೆ ಬಂದವರ ಗನ್ನಿನಿಂದ ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ಹೊರಗೆ ಬಂದಿರಬೇಕು, ಒಳಗೆ ಉಳಿದ ಒಂದು ಗುಂಡನ್ನೂ ನೆಲಕ್ಕೆ ಹೊಡೆದು ಖಾಲಿ ಮಾಡಿರಬೇಕು. ‘ನನ್ನ ಗನ್ನು ಖಾಲಿ’ ಅನ್ನುವವನ ಗನ್ನಿನಲ್ಲೇ ಒಂದು ಉಳಿದಿರುವುದು. ನೋಡಲು ಬಂದವರು, ಅಂಪೈರ್, ರೀಲ್ಸ್ ತೆಗೆಯುವ ತಮ್ಮ, ಎಲ್ಲರಿಗೂ ಗಾಗಲ್ ಬೇಕು. ಗುಂಡಿಗೆ ಆಟಗಾರ ಯಾರು, ಪ್ರೇಕ್ಷಕ ಯಾರು ಗೊತ್ತಾಗುವುದಿಲ್ಲ.

1948ರ ಕಾರ್ಖಾನೆ ಕಾಯ್ದೆ ಕಣ್ಣಿನ ರಕ್ಷಣೆಗೆಂದೇ 35ನೇ ಕಲಂ ಇಟ್ಟಿತ್ತು. ಕಾಕಾನ ಫೌಂಡ್ರಿಗೆ ಇನ್‌ಸ್ಪೆಕ್ಟರ್ ಬರುವ ದಿನವಾದರೂ ಎಲ್ಲರ ಚಸ್ಮಾ ಕಣ್ಣಿನ ಮೇಲೆ ಇರುತ್ತಿತ್ತಂತೆ. ತೋಟದಲ್ಲಿ ಆಡುವ ಹುಡುಗರ ಹತ್ತಿರ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ದುಡ್ಡು ಕಟ್ಟಿ ಆಡುವ ಜಾಗಗಳಲ್ಲೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಊರ ಹೊರಗಿನ ಒಂದು ರೆಸಾರ್ಟ್‌ಗೆ ಆಫೀಸಿನವರೆಲ್ಲ ಹೋದಾಗ ನಮಗೆ ಪೇಂಟ್‌ಬಾಲ್ ಆಡಿಸಿದರು, ಬಣ್ಣ ತುಂಬಿದ ಗುಂಡು ಹೊಡೆಯುವ ಆಟ. ನನಗೆ ಕೊಟ್ಟ ಮಾಸ್ಕಿನ ಪಟ್ಟಿ ಸಡಿಲು, ಗಾಜಿನ ಮೂಲೆಯ ಬಿರುಕಿಗೆ ಸೆಲ್ಲೋಟೇಪ್. ಬದಲಿಸಿ ಕೊಡಿ ಅಂದೆ. ‘ಏನೂ ಆಗಲ್ಲ ಸರ್, ಎಲ್ಲರೂ ಅದರಲ್ಲೇ ಆಡ್ತಾರೆ’ ಅಂದ ಹುಡುಗ. ಪೇಂಟ್‌ಬಾಲ್ ಗುಂಡು ಸುಮಾರು 3 ಗ್ರಾಂ ತೂಕ, 17 ಮಿಲಿಮೀಟರ್ ದಪ್ಪ. ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಅದರ ಶಕ್ತಿ 12 ಜೂಲ್. ಏರ್‌ಸಾಫ್ಟ್ ಗುಂಡಿನ ಹತ್ತು ಪಟ್ಟು! ಅದಕ್ಕೆ ಬೇರೆಯದೇ ಮಾಸ್ಕು, ಬೇರೆಯದೇ ಮಾನದಂಡ. ಏರ್‌ಸಾಫ್ಟ್ ಗಾಗಲ್ ಹಾಕಿಕೊಂಡು ಪೇಂಟ್‌ಬಾಲ್ ಆಡುವುದು ಸಲ್ಲದು. ಆ ದಿನ ನಾನು ಆಡಲಿಲ್ಲ. ಅಂಜುಬುರುಕ ಅನಿಸಿಕೊಂಡು ಚಹಾ ಕುಡಿಯುತ್ತ ಕೂತೆ.

ಜಾತ್ರೆಯ ಪಿಸ್ತೂಲು

ಏರ್‌ಸಾಫ್ಟ್ ದುಬಾರಿ ಆಟ, ಆಡುವವರು ಕೆಲವರು. ಅದೇ 6 ಮಿಲಿಮೀಟರ್ ಗುಂಡು ನಮ್ಮ ಮನೆಗಳಿಗೆ ಬೇರೆ ಬಾಗಿಲಿನಿಂದ ಎಂದೋ ಬಂದಿದೆ. ಬನಶಂಕರಿ ಜಾತ್ರೆಗೆ ಹೋಗಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿ, ಸವದತ್ತಿ ಗುಡ್ಡಕ್ಕೆ ಹೋಗಿ. ಆಟಿಕೆ ಅಂಗಡಿಯಲ್ಲಿ ಪ್ಲಾಸ್ಟಿಕ್ ಪಿಸ್ತೂಲು ತೂಗುಹಾಕಿರುತ್ತಾರೆ, ಜೊತೆಗೆ ಹಳದಿ ಗುಂಡಿನ ಪುಟ್ಟ ಚೀಲ. ಅದರ ಸ್ಪ್ರಿಂಗ್ ಸಾಧಾರಣದ್ದು. 0.12 ಗ್ರಾಂ ಗುಂಡು ಸೆಕೆಂಡಿಗೆ 60 ಮೀಟರ್ ಹೋಯಿತು ಅಂದರೂ 0.2 ಜೂಲ್. ಏರ್‌ಸಾಫ್ಟ್‌ನ ಐದನೇ ಒಂದು ಪಾಲು.

ಹಾಗಂತ ನಾನು ಇದನ್ನು ಕಡಿಮೆ ಅಪಾಯದ್ದು ಅಂತ ಒಪ್ಪುವುದಿಲ್ಲ. ಏರ್‌ಸಾಫ್ಟ್ ಆಡುವವನು ಗಾಗಲ್ ಬಗ್ಗೆ ಕೇಳಿಯಾದರೂ ಕೇಳುತ್ತಾನೆ. ಜಾತ್ರೆಯ ಪಿಸ್ತೂಲು ಹಿಡಿದ ಏಳು ವರ್ಷದವನು ತಂಗಿಯ ಮುಖಕ್ಕೆ ಒಂದು ಮೊಳ ದೂರದಿಂದ ಹೊಡೆಯುತ್ತಾನೆ. ಇಬ್ಬರ ಕಣ್ಣಿಗೂ ಏನೂ ಇಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯಲ್ಲಿ ನಾನು ತಿರುಗಿಸಿ ನೋಡಿದ ಯಾವ ಪಿಸ್ತೂಲಿನ ಚೀಟಿಯ ಮೇಲೂ ಅದು ಕಾಣಲಿಲ್ಲ.

2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಮಧ್ಯಪ್ರದೇಶದ ಬೇರೆ ಊರುಗಳಲ್ಲಿ ಕಾರ್ಬೈಡ್ ಗನ್ ಎಂಬ ಪೈಪಿನ ಆಟಿಕೆಯಿಂದ ಎಷ್ಟೋ ಮಕ್ಕಳು ಕಣ್ಣಿನ ಆಸ್ಪತ್ರೆ ಸೇರಿದರು. ಅದು ಗುಂಡಿನ ಗನ್ನಲ್ಲ, ಸ್ಫೋಟದ್ದು. ಹೊತ್ತಿಕೊಳ್ಳಲಿಲ್ಲ ಎಂದು ಪೈಪಿನೊಳಗೆ ಇಣುಕಿದಾಗ ಹಾರಿದ್ದು. ನಳಿಗೆಯೊಳಗೆ ಇಣುಕುವ ಚಟ ಮಾತ್ರ ಎಲ್ಲ ಮಕ್ಕಳಲ್ಲೂ ಒಂದೇ. ಗುಂಡು ಸಿಕ್ಕಿಕೊಂಡರೆ ಏರ್‌ಸಾಫ್ಟ್ ಹುಡುಗರೂ ಅದನ್ನೇ ಮಾಡುತ್ತಾರೆ.

ಬಿದ್ದೇಬಿಟ್ಟರೆ

ಪೆಟ್ಟು ಬಿದ್ದ ಕೂಡಲೇ ಕೈ ತಾನಾಗಿ ಕಣ್ಣು ಉಜ್ಜಲು ಹೋಗುತ್ತದೆ. ಉಜ್ಜಬಾರದು, ಒತ್ತಬಾರದು. ಬಿಗಿಯಾಗಿ ಪಟ್ಟಿಯನ್ನೂ ಕಟ್ಟಬಾರದು. ಕಾಗದದ ಲೋಟದ ತಳದ ಭಾಗವನ್ನು ಕತ್ತರಿಸಿಕೊಂಡು, ಅದನ್ನು ಕಣ್ಣಿಗೆ ತಾಗದಂತೆ ಎಲುಬಿನ ಮೇಲೆ ಕೂರಿಸಿ ಟೇಪ್ ಹಚ್ಚಿದರೆ ಸಾಕು. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ. ತಲೆ ಎತ್ತರದಲ್ಲಿ ಇರಲಿ, ಮಲಗಿಸುವುದಾದರೆ ದಿಂಬು ಜೋಡಿಸಿ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಿಸಬೇಡಿ, ರಕ್ತ ಜಾಸ್ತಿ ಆಗಬಹುದು. ಮನೆಯಲ್ಲಿರುವ ಹಳೆಯ ಕಣ್ಣಿನ ಹನಿ, ತಾಯಿಯ ಹಾಲು, ತುಪ್ಪ, ಯಾವುದೂ ಬೇಡ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಇಲ್ಲಿ ನಮ್ಮ ಹುಡುಗರದೇ ಒಂದು ತಾಪತ್ರಯ ಇದೆ. ಮನೆಯಲ್ಲಿ ಬೈಯುತ್ತಾರೆ ಅಂತ ಹೇಳುವುದಿಲ್ಲ. ಸಂಜೆಗೆ ನೋವು ಇಳಿಯುತ್ತದೆ, ಕೆಂಪು ಕಡಿಮೆ ಆಗುತ್ತದೆ, ಬಚಾವಾದೆ ಅಂದುಕೊಳ್ಳುತ್ತಾರೆ. ಕಣ್ಣೊಳಗೆ ನಿಂತ ರಕ್ತಸ್ರಾವ ಮೊದಲ ಐದು ದಿನಗಳೊಳಗೆ ಮತ್ತೆ ಶುರುವಾಗಬಹುದು, ಎರಡನೆಯದು ಬಹಳ ಸಲ ಮೊದಲಿನದಕ್ಕಿಂತ ಕೆಟ್ಟದ್ದಾಗಿರುತ್ತದೆ. ಇನ್ನೊಂದು ಗಾಯ ಇದಕ್ಕಿಂತ ಗುಟ್ಟಿನದು. ಕಣ್ಣೊಳಗಿನ ನೀರು ಬಸಿದು ಹೋಗುವ ಕೋನವೊಂದಿದೆ. ಪೆಟ್ಟಿಗೆ ಅದು ಹರಿದರೆ ಆಗ ಏನೂ ಗೊತ್ತಾಗುವುದಿಲ್ಲ. ವರ್ಷಗಳು ಕಳೆದ ಮೇಲೆ ಒತ್ತಡ ಏರಿ ಗ್ಲಾಕೋಮಾ ಆಗಬಹುದು. ನೋವಿಲ್ಲದೆ, ಅಂಚಿನಿಂದ ಶುರುವಾಗಿ ದೃಷ್ಟಿ ಸವೆಯುತ್ತದೆ. ಹದಿನೆಂಟಕ್ಕೆ ತಿಂದ ಪೆಟ್ಟು ಮೂವತ್ತೈದಕ್ಕೆ ಲೆಕ್ಕ ಕೇಳಲು ಬಂದಾಗ ಆ ತೋಟದ ಆಟ ಯಾರಿಗೆ ನೆನಪಿರುತ್ತದೆ? ಹಾಗಾಗಿ ಒಮ್ಮೆ ಪೆಟ್ಟು ಬಿದ್ದ ಕಣ್ಣನ್ನು ವರ್ಷಕ್ಕೊಮ್ಮೆ ತೋರಿಸಿ, ಒತ್ತಡ ಅಳೆಸುತ್ತಿರಬೇಕು. ‘ಚಿಕ್ಕವನಿದ್ದಾಗ ಈ ಕಣ್ಣಿಗೆ ಗುಂಡು ಬಿದ್ದಿತ್ತು’ ಎಂದು ಡಾಕ್ಟರಿಗೆ ನೀವೇ ಹೇಳಬೇಕು, ಅವರು ಕೇಳಲಿಕ್ಕಿಲ್ಲ.

ಅಕ್ಕನ ಮಗ ಇದನ್ನೆಲ್ಲ ಕೇಳಿಸಿಕೊಂಡ, ಅರ್ಧ ಮೊಬೈಲ್ ನೋಡುತ್ತಲೇ. ಹತ್ತು ದಿನ ಬಿಟ್ಟು ಡಬ್ಬಿ ಹಿಡಿದುಕೊಂಡು ಬಂದ. ಪಟ್ಟಿಯ ಗಾಗಲ್. ಗಾಜಿನ ಮೂಲೆಯಲ್ಲಿ ಬಿ ಅಕ್ಷರ ಇತ್ತು, ಚೌಕಟ್ಟಿನ ಮೇಲೂ ಇತ್ತು. ಹಾಕಿಕೊಂಡು ಟಿಳಕವಾಡಿಯ ನಮ್ಮ ಮನೆಯ ಅಂಗಳದಲ್ಲಿ ಜಿಟಿಮಳೆಯಲ್ಲೇ ನಾಲ್ಕು ಸುತ್ತು ಓಡು ಅಂದೆ. ಓಡಿದ. ಮೂರನೇ ಸುತ್ತಿಗೆ ಗಾಜು ಬೆಳ್ಳಗಾಯಿತು. ನಾಲ್ಕನೆಯದಕ್ಕೆ ಅವನ ಕೈ ತಾನಾಗಿ ಹಣೆಯ ಕಡೆ ಎದ್ದಿತು.

“ಡಬಲ್ ಗಾಜಿಂದು 600 ರೂಪಾಯಿ ಜಾಸ್ತಿ ಇತ್ತು ಮಾಮಾ, ಅದಕ್ಕ ಸಿಂಗಲ್ ತಗೊಂಡೆ” ಅಂದ.

ಡಬ್ಬಿ ತಿರುಗಿಸಿ ನೋಡಿದೆವು. ವಾಪಸ್ ಕೊಟ್ಟು ಬದಲಿಸಿಕೊಳ್ಳಲು ಇನ್ನೂ ಮೂರು ದಿನ ಇತ್ತು.